ಗೋಡೆ ಯಾರದು?

ಈಚೆಗೆ ಹೊಸ ಮನೆಗಳ ಗೃಹಪ್ರವೇಶಕ್ಕೆ ಹೋದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಾಲ್‌ನಲ್ಲಿ ಸೋಫಾದ ಹಿಂದಿನ ಗೋಡೆಯ ಮೇಲೆ ಚಿತ್ರ ಒಂದೇ, ಆದರೆ ಹಲಗೆಗಳು ಐದು. ನಡುವಿನದು ಉದ್ದ, ಅದರ ಅಕ್ಕಪಕ್ಕದವು ಸ್ವಲ್ಪ ಗಿಡ್ಡ, ಕೊನೆಯವೆರಡು ಇನ್ನೂ ಗಿಡ್ಡ. ಹಲಗೆ ಹಲಗೆಯ ನಡುವೆ ಎರಡು ಬೆರಳಿನಷ್ಟು ಗೋಡೆ ಕಾಣುತ್ತಿರುತ್ತದೆ. ಹೆಚ್ಚಿನ ಮನೆಗಳಲ್ಲಿ ಓಡುವ ಏಳು ಬಿಳಿ ಕುದುರೆಗಳು. ಇಲ್ಲವೆಂದರೆ ಕಣ್ಣುಮುಚ್ಚಿ ಕುಳಿತ ಬುದ್ಧ. ಅದೂ ಅಲ್ಲದಿದ್ದರೆ ರಾಧಾಕೃಷ್ಣರು. ಏಳು ಕುದುರೆಗಳನ್ನು ಐದು ಹಲಗೆಗೆ ಹಂಚಿದರೆ ಲೆಕ್ಕ ಸರಿಹೋಗುವುದಿಲ್ಲವಷ್ಟೆ? ಒಂದು ಕುದುರೆಯ ಮುಖ ಈ ಹಲಗೆಯಲ್ಲಿ, ಹೊಟ್ಟೆ ಆ ಹಲಗೆಯಲ್ಲಿ. ನಮ್ಮ ಶಾಲೆಯ ಗಣಿತದ ಮೇಷ್ಟರೊಬ್ಬರು ಇದನ್ನು ನೋಡಿ "ಶೇಷ ಎರಡು ಎಲ್ಲಿ ಹೋಯಿತು?" ಎಂದು ಕೇಳಿ ಮನೆಯವರನ್ನೆಲ್ಲ ನಗಿಸಿದ್ದರು.

ನಗುವುದು ಸುಲಭ. ಆದರೆ ಆ ಗೋಡೆಯ ಮುಂದೆ ಕುಳಿತು ಕಾಫಿ ಕುಡಿಯುವಾಗ ನನಗೆ ಬೇರೊಂದು ಪ್ರಶ್ನೆ ಏಳುತ್ತದೆ. ಇಲ್ಲಿ ಮೊದಲು ಏನಿತ್ತು? ಅದು ಈಗೆಲ್ಲಿದೆ? ಈ ಚಿತ್ರ ಬೇಕೆಂದವರು ಯಾರು, ಬೇಡವೆನ್ನಬಹುದಾಗಿದ್ದವರು ಯಾರು? ಚಿತ್ರ ಆರಿಸುವುದು ಅವರವರ ಅಭಿರುಚಿ, ಅದರಲ್ಲಿ ನ್ಯಾಯ ಅನ್ಯಾಯದ ಮಾತೇಕೆ ಎಂದು ನೀವು ಕೇಳಬಹುದು. ಒಬ್ಬರೇ ಇರುವ ಕೋಣೆಯಾದರೆ ಆ ಮಾತು ಒಪ್ಪತಕ್ಕದ್ದೇ. ಹಾಲ್ ಹಾಗಲ್ಲ. ಮೂರು ತಲೆಮಾರಿನ ಕಣ್ಣುಗಳು ಒಂದೇ ಗೋಡೆಯ ಮೇಲೆ ಬೀಳುವ ಜಾಗ ಅದು. ಅಲ್ಲಿ ಒಬ್ಬರ ಇಷ್ಟ ಏರಬೇಕಾದರೆ ಇನ್ನೊಬ್ಬರ ಇಷ್ಟ ಇಳಿಯಬೇಕು.

ಮಳಿಗೆಯಿಂದ ತಂದ ಅಚ್ಚಿನ ಚಿತ್ರವೆಂದು ಹಗುರಾಗಿ ಮಾತಾಡುವುದು ಮಾತ್ರ ನನಗೆ ಹಿಡಿಸುವುದಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಆತನ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯರ ಮನೆಗಳಿಗೂ ಬಂದರು. ಅರಮನೆಗೆ ಹೋಗಲಾಗದವಳೂ ಒಳ್ಳೆಯದೊಂದು ವರ್ಣಚಿತ್ರವನ್ನು ತನ್ನ ಗೋಡೆಯ ಮೇಲೆ ಕಂಡಳು. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರ (1916–1993) ಚಿತ್ರಗಳು ಕ್ಯಾಲೆಂಡರಿನ ಮೂಲಕ ಎಷ್ಟು ಅಡುಗೆಮನೆಗಳನ್ನು ಹೊಕ್ಕವೋ! ವರ್ಷ ಮುಗಿದ ಮೇಲೂ ತಾರೀಖಿನ ಭಾಗವನ್ನು ಕತ್ತರಿಸಿ, ಚಿತ್ರಕ್ಕೆ ಕಟ್ಟು ಹಾಕಿಸಿ ಪೂಜಿಸಿದವರಿದ್ದಾರೆ. ಅಚ್ಚಿನದೆಂದ ಮಾತ್ರಕ್ಕೆ ಪ್ರೀತಿ ಕಡಿಮೆಯಾಗಲಿಲ್ಲ.

ಚಿತ್ರವನ್ನು ತುಂಡು ಮಾಡುವುದೂ ಹೊಸತೇನಲ್ಲ. ಬೆಲ್ಜಿಯಂ ದೇಶದ ಗೆಂಟ್ ನಗರದ ಚರ್ಚಿನಲ್ಲಿ 1432ರಲ್ಲಿ ಪೂರ್ಣಗೊಂಡ ದೊಡ್ಡದೊಂದು ಚಿತ್ರವಿದೆ. ವ್ಯಾನ್ ಐಕ್ ಸಹೋದರರ ಕೆಲಸ. ಅದು ಹಲವು ಹಲಗೆಗಳ ಮೇಲಿದೆ. ಪಕ್ಕದವು ಕದಗಳಂತೆ ಮಡಚಿಕೊಳ್ಳುತ್ತವೆ. ಸಾಧಾರಣ ದಿನಗಳಲ್ಲಿ ಅದನ್ನು ಮುಚ್ಚಿಟ್ಟು, ಹಬ್ಬದ ದಿನ ತೆರೆಯುತ್ತಿದ್ದರಂತೆ. ಅದರ ಒಂದು ಹಲಗೆ 1934ರಲ್ಲಿ ಕಳುವಾಯಿತು. ಮತ್ತೆ ಸಿಗಲೇ ಇಲ್ಲ. ಆ ಜಾಗದಲ್ಲಿ ಈಗ ಇರುವುದು ನಕಲು. ಜಪಾನಿನವರ ಮಡಚುವ ತೆರೆಗಳೂ ಹೀಗೆಯೇ: ಗಾಳಿಗೆ ಅಡ್ಡ, ಕೋಣೆಗೆ ಮರೆ, ನೋಡಲು ಚಿತ್ರ. ಅಲ್ಲೆಲ್ಲ ತುಂಡಿಗೊಂದು ಕೆಲಸವಿತ್ತು. ನಮ್ಮ ಹಾಲ್‌ನ ಐದು ಹಲಗೆಗಳಿಗೆ ಅಂಥ ಕೆಲಸವಿಲ್ಲ. ದೊಡ್ಡದೊಂದು ಚಿತ್ರವನ್ನು ಸಾಗಿಸುವುದು ಕಷ್ಟ, ಐದು ಹಲಗೆಗಳನ್ನು ಆಟೋದಲ್ಲಿ ತರಬಹುದು. ಸಣ್ಣ ಗೋಡೆಯೂ ಅಗಲವಾಗಿ ಕಾಣುತ್ತದೆ. ಇಷ್ಟೇ ಕಾರಣ. ಕಾರಣ ಸಣ್ಣದಾದರೂ ಅದರಲ್ಲಿ ಕಪಟವೇನೂ ಇಲ್ಲ.

ನಮ್ಮ ಮನೆಯ ಸಂಗತಿಗೆ ಬರುತ್ತೇನೆ. ಶಿವಮೊಗ್ಗದ ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ನಮ್ಮತ್ತೆ, ನಾನು, ಎರಡು ವರ್ಷದ ಹಿಂದೆ ದಾವಣಗೆರೆ ಕಡೆಯಿಂದ ಬಂದ ಸೊಸೆ, ಹೀಗೆ ಮೂವರು ಹೆಂಗಸರು. ಗಂಡಸರು ಇಬ್ಬರಿದ್ದಾರೆ, ಗೋಡೆಯ ವಿಷಯದಲ್ಲಿ ಅವರದು "ನಿಮಗೆ ಸರಿ ಕಂಡದ್ದು ಹಾಕಿ" ಎಂಬ ಒಂದೇ ಮಾತು. ಹಾಲ್‌ನ ದೊಡ್ಡ ಗೋಡೆಯ ಮೇಲೆ ಹಳೆಯ ಮನೆಯಿಂದ ತಂದ ಫೋಟೋಗಳ ಸಾಲಿತ್ತು. ನಡುವೆ ತೀರಿಕೊಂಡ ಮಾವನವರದು, ಗಂಧದ ಹಾರ ಹಾಕಿದ್ದು. ಹಳೆಯ ಕ್ರಮದಂತೆ ಸೂರಿನ ಹತ್ತಿರ ಮೊಳೆ ಹೊಡೆದು, ದಾರ ಬಿಗಿದು, ಮುಂದಕ್ಕೆ ವಾಲಿಸಿ ತೂಗುಹಾಕಿದ್ದರು.

ಸೊಸೆಗೆ ಆ ಗೋಡೆಯ ಮೇಲೆ ಹೊಸ ಚಿತ್ರ ಬೇಕಾಗಿತ್ತು. ಅವಳು ಆರಿಸಿದ್ದು ಕುದುರೆಯಲ್ಲ, ಬುದ್ಧನಲ್ಲ, ಮಳೆಗಾಲದ ಜೋಗ. ನಾಲ್ಕು ಉದ್ದನೆಯ ಹಲಗೆಗಳು. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಿಗೆ ಒಂದೊಂದು. "ನೋಡಿ ಅತ್ತೆ, ಇದು ಮೊದಲೇ ನಾಲ್ಕಾಗಿ ಬೀಳೋದು. ನಾವು ಕತ್ತರಿಸಿದ ಹಾಗಲ್ಲ" ಎಂದಳು. ಆ ಮಾತು ನನಗೆ ಹಿಡಿಸಿತು. ಆದರೆ ಚಿತ್ರ ನೋಡುತ್ತಿದ್ದಂತೆ ನನ್ನ ಮನಸ್ಸಿಗೆ ಬಂದದ್ದು ನಮ್ಮತ್ತೆಯ ತವರು.

ನಮ್ಮತ್ತೆಯದು ಸಾಗರ ಸೀಮೆಯ ದೀವರ ಮನೆ. ಅಲ್ಲಿನ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಹುರಿದು ಸೀಯಿಸಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚಕ್ಕೆ ಪುಂಡಿ ನಾರು. ಮದುವೆಯೆಂದರೆ ಹಸೆ ಗೋಡೆಯ ಚಿತ್ತಾರ ಆಗಲೇಬೇಕು. ಅತ್ತೆಯ ಮದುವೆಗೂ ಬರೆದಿದ್ದರು. ಅದಾಗಿ ಮೂರು ವರ್ಷಕ್ಕೆ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ಹಿಂದೆ ಸರಿದು ನಿಂತಿತು. ಮುಳುಗಡೆಯಾದ ಊರುಗಳಲ್ಲಿ ಅತ್ತೆಯ ತವರೂ ಒಂದು. ಆ ಮನೆಯ ಒಂದು ಫೋಟೋ ಕೂಡ ಅವರ ಹತ್ತಿರವಿಲ್ಲ. ಈಗ ನಾವು ತರಹೊರಟದ್ದು ಅದೇ ಶರಾವತಿಯ ಚಿತ್ರ. ಅದರ ಎದುರು ದಿನವಿಡೀ ಕೂರುವವರು ಅವರು.

ಸೊಸೆಗೆ ಇದು ತಿಳಿದಿರಲಿಲ್ಲ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬೇಡ ಅತ್ತೆ, ಬುದ್ಧನ್ನೇ ತರೋಣ. ಅಜ್ಜಿಗೆ ಹೇಳೋದೂ ಬೇಡ" ಎಂದಳು. ಒಳ್ಳೆಯ ಮನಸ್ಸಿನ ಮಾತು. ಆದರೂ ನನಗೆ ಅದರಲ್ಲೊಂದು ತೊಡಕು ಕಂಡಿತು. ಮುದುಕರ ನೋವನ್ನು ಅವರ ಪರವಾಗಿ ನಾವೇ ಅಳೆದು, ನಾವೇ ತೀರ್ಮಾನಿಸಿ, ಅವರಿಗೆ ಗೊತ್ತಾಗದಂತೆ ಬಾಗಿಲು ಹಾಕುವುದು ಗೌರವವೇ? ಮಕ್ಕಳಿಗೆ ಹಾಗೆ ಮಾಡುತ್ತೇವೆ. ಮನೆಯ ಹಿರಿಯಳಿಗೆ ಮಾಡಬಹುದೇ? ಕೇಳದೆ ತಂದು ನೇತುಹಾಕುವುದು ಒಂದು ಬಗೆಯ ಅನಾದರ. ಕೇಳದೆ ಬಿಟ್ಟುಬಿಡುವುದೂ ಅದರ ತಂಗಿಯೇ.

ಮರುದಿನ ಸೊಸೆ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಇದು ಆಷಾಢದ್ದು. ಬೇಸಗೇಲಿ ಹೀಗೆ ಎಲ್ಲಿ ಇರ್ತದೆ?" ಎಂದರು.

"ಅಜ್ಜಿ, ಇದನ್ನ ಗೋಡೆಗೆ ಹಾಕಿದ್ರೆ ನಿಮಗೆ ಬೇಜಾರಾಗ್ತದಾ?"

"ನೀರಿನ ತಪ್ಪೇನಿದೆ? ಅದು ತನ್ನ ದಾರೀಲಿ ಹೋಗ್ತಿತ್ತು. ನಿಲ್ಲಿಸಿದವರು ಬೇರೆ." ಹಾಗೆಂದು ತುಸು ತಡೆದು, "ನಮ್ಮಪ್ಪ ಬಾಗಿಲು, ತೊಲೆ, ಹಂಚು ಎಲ್ಲಾ ಗಾಡಿ ಮೇಲೆ ತಂದ್ರು. ಗೋಡೆ ತರಕ್ಕೆ ಆಗ್ತದಾ?" ಎಂದರು.

ಅದಾದ ಮೇಲೆ ಅವರು ಕೇಳಿದ್ದೇ ಬೇರೆ. ಮಾವನವರ ಫೋಟೋದತ್ತ ಕೈ ತೋರಿಸಿ, "ಅದನ್ನೂ ಕೆಳಗೆ ಇಳಿಸಿ ಮಾರಾಯ್ತಿ. ನನ್ನ ಕುತ್ತಿಗೆ ಅಷ್ಟು ಮೇಲೆ ಏಳೋದಿಲ್ಲ. ಅವರ ಮುಖ ನೋಡಿ ಎಷ್ಟು ವರ್ಷ ಆಯ್ತೋ. ಬರೀ ಹಾರ ಕಾಣ್ತದೆ" ಎಂದರು. ಹಿರಿಯರನ್ನು ತಲೆಯ ಮೇಲೆ ಇಡಬೇಕೆಂಬುದು ನಮ್ಮಲ್ಲಿ ಬಂದ ಕ್ರಮ. ಅಷ್ಟು ಎತ್ತರದ ಗೌರವ ಬಂದುಹೋಗುವವರಿಗೆ ಕಾಣುತ್ತದೆ. ಜೊತೆಗೆ ಬಾಳಿದವಳಿಗೆ ಮುಖವೇ ಸಿಗುವುದಿಲ್ಲ.

ಮುಂದಿನದು ಅಳತೆಯ ಕೆಲಸ. ಸೊಸೆ ಹಳೆಯ ದಿನಪತ್ರಿಕೆಗಳನ್ನು ಹಲಗೆಗಳ ಗಾತ್ರಕ್ಕೆ ಕತ್ತರಿಸಿ ಅಂಟುಪಟ್ಟಿಯಿಂದ ಗೋಡೆಗೆ ಹಚ್ಚಿದಳು. ವಾರವಿಡೀ ಹಾಗೇ ಇತ್ತು. ಸೋಫಾದ ಅಗಲದಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಚಿತ್ರವಿದ್ದರೆ ಕಣ್ಣಿಗೆ ಒಪ್ಪುತ್ತದೆ. ಸೋಫಾದ ಬೆನ್ನಿನಿಂದ ಆರೆಂಟು ಅಂಗುಲ ಮೇಲೆ ಚಿತ್ರದ ಅಂಚು ಬಂದರೆ ಕೂತವರ ತಲೆ ತಾಗದು. ಹಲಗೆಗಳ ನಡುವೆ ಎರಡು ಅಂಗುಲ ಸಾಕು. ಹೆಚ್ಚಾದರೆ ಕಣ್ಣು ಅವನ್ನು ಕೂಡಿಸಿಕೊಳ್ಳುವುದಿಲ್ಲ, ಬೇರೆ ಬೇರೆ ಚಿತ್ರಗಳಾಗಿಬಿಡುತ್ತವೆ. ನಿಂತು ನೋಡುವವರಿಗಾದರೆ ಚಿತ್ರದ ನಡುಭಾಗ ನೆಲದಿಂದ ಸುಮಾರು ಐದಡಿ ಇರಬೇಕು. ಪಡುವಣ ಕಿಟಕಿಯ ಬಿಸಿಲು ಬೀಳುವ ಕಡೆ ಬಣ್ಣ ಬೇಗ ಮಾಸುತ್ತದೆ. ನಮ್ಮ ಮಲೆನಾಡಿನ ಮಳೆಗೆ ತೇವ ಹಿಡಿಯುವ ಹೊರಗೋಡೆಯಾದರೆ ಹಲಗೆಯ ಹಿಂದೆ ಬೂಷ್ಟು ಬರುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ ಮಾತ್ರ ತೂತು ಕೊರೆಯಬಾರದು. ಒಳಗೆ ತಂತಿ ಹೋಗಿರುತ್ತದೆ. ಮಗ ಡ್ರಿಲ್ ತಂದ, ನನ್ನ ಯಜಮಾನರು ರಸಮಟ್ಟ ಹಿಡಿದರು. ನಾಲ್ಕು ಹಲಗೆಗಳು ಒಂದೇ ಸಾಲಿಗೆ ಕುಳಿತವು. ಮಾವನವರ ಫೋಟೋವನ್ನು ಅತ್ತೆಯ ಕುರ್ಚಿಯ ಎದುರು, ಕುಳಿತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಮೂರೂವರೆ ಅಡಿಗೆ ಹಾಕಿದೆವು. ಬಂದವರು "ಇಷ್ಟು ಕೆಳಗಾ?" ಎನ್ನುತ್ತಾರೆ. ಎನ್ನಲಿ.

ಅತ್ತೆ ಬೇಡವೆಂದಿದ್ದರೆ? ಈ ಪ್ರಶ್ನೆಯನ್ನು ನಾನು ಬಿಟ್ಟಿಲ್ಲ. ಹಾಗಂದಿದ್ದರೆ ಜೋಗ ಬರಬಾರದಿತ್ತು ಎಂದೇ ನನ್ನ ಭಾವನೆ. ಹಾಲ್‌ನ ಗೋಡೆ ಬಂದ ನೆಂಟರದಲ್ಲ. ಅವರು ಅರ್ಧ ಗಂಟೆ ಕೂತು ಏಳುವವರು. ಅದು ದುಡ್ಡು ಕೊಟ್ಟವರದೂ ಅಲ್ಲ. ದಿನದ ಹೆಚ್ಚು ಹೊತ್ತು ಅದರ ಮುಂದೆ ಕಳೆಯುವವರಿಗೆ ಅದರ ಮೇಲೆ ಹೆಚ್ಚಿನ ಹಕ್ಕು. ಆದರೆ ಗಂಟೆಗಳ ಲೆಕ್ಕದಂತೆ ವರ್ಷಗಳ ಲೆಕ್ಕವೂ ಒಂದಿದೆ. ಮುಂದಿನ ಮೂವತ್ತು ವರ್ಷ ಆ ಗೋಡೆಯನ್ನು ನೋಡಬೇಕಾದವಳು ಸೊಸೆ. ಹೊಸದಾಗಿ ಬಂದವಳಿಗೆ ಒಂದು ಗೋಡೆಯೂ ತನ್ನದಲ್ಲದಿದ್ದರೆ ಆ ಮನೆ ಅವಳದಾಗುವುದು ಹೇಗೆ? ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಟ್ರಂಕಿನ ಮುಚ್ಚಳದ ಒಳಬದಿ ಮಾತ್ರ ನನ್ನದಾಗಿತ್ತು. ಅಲ್ಲಿ ನನ್ನ ಕಾಲೇಜಿನ ಗ್ರೂಪ್ ಫೋಟೋ ಅಂಟಿಸಿಕೊಂಡಿದ್ದೆ. ಹಾಗಾಗಿ ಅತ್ತೆ ಬೇಡವೆಂದಿದ್ದರೆ ಜೋಗವನ್ನು ಬಿಟ್ಟು, ಸೊಸೆಗೆ ಹಿಡಿಸುವ ಇನ್ನೊಂದನ್ನು ಹುಡುಕುವ ಹೊಣೆ ನನ್ನದಾಗುತ್ತಿತ್ತು. ಹಿರಿಯಳ ನೋವಿಗೆ ಚಿತ್ರವನ್ನು ತಡೆಯುವ ಹಕ್ಕಿದೆ. ಗೋಡೆಯನ್ನೇ ಕಾಯ್ದಿರಿಸುವ ಹಕ್ಕಿಲ್ಲ. ಇವೆರಡರ ನಡುವೆ ನಿಲ್ಲುವುದು ನನ್ನಂಥ ನಡುವಿನವರ ಪಾಲಿನ ಕೆಲಸ.

ಈಗ ಸಂಜೆ ಶಾಲೆಯಿಂದ ಬಂದಾಗ ಒಮ್ಮೊಮ್ಮೆ ಅತ್ತೆ, ಸೊಸೆ ಇಬ್ಬರೂ ಚಿತ್ರದ ಮುಂದೆ ಕೂತಿರುತ್ತಾರೆ. ರಾಜಾ ಯಾವುದು, ರೋರರ್ ಯಾವುದು ಎಂಬ ಚರ್ಚೆ ಇನ್ನೂ ತೀರ್ಮಾನವಾಗಿಲ್ಲ. ಸೊಸೆ ಚಿತ್ತಾರದ ಗೆರೆಗಳನ್ನು ಕೇಳಿ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಅತ್ತೆಯ ಕೈ ನಡುಗುತ್ತದೆ. ಆದರೂ ಗೆರೆ ತಪ್ಪಿದರೆ ಹೇಳುತ್ತಾರೆ.

ಹೊಸ ಚಿತ್ರ ತರಬೇಕೆಂದಿರುವ ಸೋದರಿಯರಿಗೆ ನಾನು ಹೇಳುವುದಿಷ್ಟೆ. ಅಳತೆ ಪಟ್ಟಿ ಹಿಡಿಯುವ ಮೊದಲು, ಆ ಗೋಡೆಯ ಎದುರು ಮನೆಯಲ್ಲಿ ಯಾರು ಹೆಚ್ಚು ಹೊತ್ತು ಕೂರುತ್ತಾರೋ ಅವರ ಜಾಗದಲ್ಲಿ ಒಂದು ಹೊತ್ತು ಕೂತು ನೋಡಿ. ಅಲ್ಲಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಅವರನ್ನೇ ಕೇಳಿ. ಇಳಿಸಿದ ಫೋಟೋಗಳನ್ನು ಅಟ್ಟಕ್ಕೆ ಹಾಕುವ ಮುನ್ನ ಒಂದೊಂದನ್ನೂ ಒರೆಸಿ, ಯಾರಿಗೆ ಯಾವುದು ಎಷ್ಟು ಎತ್ತರದಲ್ಲಿ ಬೇಕು ಎಂದು ವಿಚಾರಿಸಿ. ಕುದುರೆಯೋ ಬುದ್ಧನೋ ಎಂಬುದನ್ನು ಆಮೇಲೆ ನೋಡಿದರಾಯಿತು.