ಯಾರದನ್ನು ಮೊದಲು ಉಳಿಸಬೇಕು?

ನಮ್ಮ ಮನೆಯ ಮೆಟ್ಟಿಲ ಕೆಳಗೆ ಹಳೆಯ ಕಂಪ್ಯೂಟರೊಂದಿದೆ. ಅದಕ್ಕೆ ಪರದೆ ಇಲ್ಲ, ಕೀಬೋರ್ಡ್ ಇಲ್ಲ. ಹನ್ನೊಂದು ವರ್ಷಗಳಿಂದ ಹಗಲಿರುಳೂ ಚಾಲೂ ಇರುವ ಅದನ್ನು ಮನೆಯವರು ‘ಪೆಟ್ಟಿಗೆ’ ಎಂದಷ್ಟೇ ಕರೆಯುತ್ತಾರೆ. ಬಲ್ಲವರು ಅದನ್ನು ಹೋಮ್ ಸರ್ವರ್ ಎನ್ನುತ್ತಾರೆ. ಮನೆಯ ಫೋನುಗಳಲ್ಲಿ ತೆಗೆದ ಚಿತ್ರಗಳು ರಾತ್ರಿ ತಾವಾಗಿಯೇ ಅದರೊಳಗೆ ಹೋಗಿ ಸೇರುತ್ತವೆ. ಗಲ್ಫಿನಲ್ಲಿರುವ ತಮ್ಮ ಕಳಿಸಿದ ವಿಡಿಯೋಗಳು, ತೀರಿಹೋದ ತಂದೆಯ ಧ್ವನಿ, ಮಕ್ಕಳ ಅಂಕಪಟ್ಟಿಗಳು, ಜಾಗದ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳು ಎಲ್ಲವೂ ಅಲ್ಲಿವೆ. ಕರಾವಳಿಯ ಮಳೆಗಾಲ, ಮಿಂಚು, ಕರೆಂಟಿನ ಕಣ್ಣಾಮುಚ್ಚಾಲೆ ಎಲ್ಲವನ್ನೂ ಪೆಟ್ಟಿಗೆ ತಾಳಿಕೊಂಡಿತ್ತು. ತಾಳಿಕೊಳ್ಳುತ್ತಿದ್ದುದರಿಂದಲೇ ನಾವು ಅದನ್ನು ಮರೆತೂ ಇದ್ದೆವು.

ಪೆಟ್ಟಿಗೆಯಲ್ಲಿ ತಲಾ 2 ಟೆರಾಬೈಟಿನ ಎರಡು ಹಾರ್ಡ್ ಡಿಸ್ಕುಗಳಿವೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಇದಕ್ಕೆ ಮಿರರ್, ಅಂದರೆ ಕನ್ನಡಿ ಎಂದು ಹೆಸರು. ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲವೂ ಉಳಿಯುತ್ತದೆ. ಇಷ್ಟು ಸರಳ ಏರ್ಪಾಡು ಮನುಷ್ಯನಿಗೆ ಕೊಡುವ ನೆಮ್ಮದಿ ಮಾತ್ರ ಅಳತೆ ಮೀರಿದ್ದು.

ಕಳೆದ ಮಳೆಗಾಲದಿಂದಲೇ ಪೆಟ್ಟಿಗೆ ನಮಗೆ ಎಚ್ಚರಿಕೆಯ ಸಂದೇಶ ಕಳಿಸುತ್ತಿತ್ತು. ಹಾರ್ಡ್ ಡಿಸ್ಕಿನೊಳಗೆ ಸೆಕೆಂಡಿಗೆ 90 ಸುತ್ತು ತಿರುಗುವ ತಟ್ಟೆಗಳಿವೆ. ಓದುವ ತಲೆ ತಟ್ಟೆಯನ್ನು ಮುಟ್ಟುವುದಿಲ್ಲ. ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಅಂತರದಲ್ಲಿ ಅದರ ಮೇಲೆ ತೇಲುತ್ತಿರುತ್ತದೆ. ತಟ್ಟೆಯ ಒಂದು ಚೂರು ಜಾಗ ಕೆಟ್ಟರೆ ಡಿಸ್ಕ್ ಅದನ್ನು ಯಾರಿಗೂ ಹೇಳದೆ ಬಿಟ್ಟು, ತನ್ನಲ್ಲಿ ಮೀಸಲಿಟ್ಟ ಬೇರೆ ಚೂರನ್ನು ಬಳಸಿಕೊಳ್ಳುತ್ತದೆ. ಹೀಗೆ ಎಷ್ಟು ಚೂರುಗಳನ್ನು ಬದಲಿಸಿಕೊಂಡಿತೆಂಬ ಲೆಕ್ಕವನ್ನು ಮಾತ್ರ ಒಳಗೆ ಬರೆದಿಟ್ಟುಕೊಳ್ಳುತ್ತದೆ. ಕೇಳಿದವರಿಗೆ ಹೇಳುತ್ತದೆ. ಆ ಲೆಕ್ಕ ನಮ್ಮ ಡಿಸ್ಕಿನಲ್ಲಿ ಮೊದಲು ಎಂಟು ಇತ್ತು, ಆಮೇಲೆ ನಲವತ್ತಾಯಿತು, ರಂಝಾನ್ ಮುಗಿಯುವ ಹೊತ್ತಿಗೆ ಇನ್ನೂರು ದಾಟಿತ್ತು. ನಾವು ಸಂದೇಶ ಓದಿ ಬದಿಗಿಟ್ಟೆವು. ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಹೇಳಿಕೊಂಡು ತಿರುಗಾಡುವವರು ನಮ್ಮಲ್ಲಿ ಕಡಿಮೆಯೇನಿಲ್ಲವಲ್ಲ!

ಗೂಗಲ್ ಸಂಸ್ಥೆಯ ಇಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಓದುವಾಗಿನ ಮೊದಲ ದೋಷ ಕಾಣಿಸಿಕೊಂಡ ಡಿಸ್ಕು, ಅಂಥ ದೋಷವಿಲ್ಲದ ಡಿಸ್ಕಿಗಿಂತ, ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ 39 ಪಟ್ಟು ಹೆಚ್ಚು ಎಂದು ಅದರಲ್ಲಿದೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಕೆಟ್ಟುಹೋದ ಡಿಸ್ಕುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವು ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ನಮ್ಮದು ಕೊಟ್ಟಿತ್ತು. ಹಾಗಾಗಿ ‘ಗೊತ್ತಿರಲಿಲ್ಲ’ ಎಂಬ ನೆಪ ನಮಗೆ ಉಳಿದಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆ ಆ ಡಿಸ್ಕನ್ನು ತಾನಾಗಿಯೇ ಹೊರಗಿಟ್ಟಿತು. ಇನ್ನೊಂದು ಒಂಟಿಯಾಗಿ ಕೆಲಸ ಮಾಡತೊಡಗಿತು. ಗಾಬರಿಯಾಗಬೇಕಿಲ್ಲ, ಕನ್ನಡಿ ಇದೆಯಲ್ಲ ಎಂದುಕೊಂಡು ಎರಡನೆಯದರ ಲೆಕ್ಕವನ್ನೂ ತೆಗೆದು ನೋಡಿದೆವು. ಅದರಲ್ಲೂ ಓದಲಾಗದ ಚೂರುಗಳು ಎಂಟು! ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಎರಡನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ರಟ್ಟಿನ ಪೆಟ್ಟಿಗೆಯಿಂದ ತೆಗೆಸಿಕೊಂಡು ತಂದಿದ್ದೆವು. ಒಂದೇ ಬಿಸಿ, ಒಂದೇ ಧೂಳು, ಒಂದೇ ಕೆಲಸ. ಅವಳಿಗಳು ಒಟ್ಟಿಗೇ ಮುಪ್ಪಾಗಿದ್ದವು.

ಹೊಸ ಡಿಸ್ಕ್ ಬರಲು ಎರಡು ದಿನ ಬೇಕು ಎಂದರು ಅಂಗಡಿಯವರು. ಬಂದಮೇಲೂ ಅಪಾಯ ಮುಗಿಯುವುದಿಲ್ಲ. ಹೊಸದನ್ನು ಜೋಡಿಸಿದ ಕೂಡಲೇ ಪೆಟ್ಟಿಗೆ ಉಳಿದ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ ನಕಲು ಮಾಡುತ್ತದೆ. ಎರಡು ಟೆರಾಬೈಟಿಗೆ ಐದಾರು ಗಂಟೆಯಾದರೂ ಬೇಕು. ಮುದಿ ಡಿಸ್ಕಿಗೆ ಅದು ಬದುಕಿನಲ್ಲೇ ಅತಿ ಹೆಚ್ಚು ದಣಿವಿನ ಕೆಲಸ, ಅನೇಕ ಬಾರಿ ಅದು ಪ್ರಾಣ ಬಿಡುವುದು ಆಗಲೇ. ಆದ್ದರಿಂದ ಅದಕ್ಕೆ ಮುಂಚೆಯೇ ಮುಖ್ಯವಾದುದನ್ನು ಬೇರೆಡೆಗೆ ತೆಗೆದಿಡಬೇಕು. ನಮ್ಮ ಕೈಯಲ್ಲಿದ್ದದ್ದು 500 ಗಿಗಾಬೈಟಿನ ಒಂದು ಪುಟ್ಟ ಡಿಸ್ಕ್. ಪೆಟ್ಟಿಗೆಯಲ್ಲಿದ್ದದ್ದು ಅದರ ಮೂರು ಪಟ್ಟು.

ಅಂದರೆ ಆರಿಸಬೇಕಿತ್ತು. ಮತ್ತು ಡಿಸ್ಕ್ ಯಾವ ಕ್ಷಣದಲ್ಲೂ ನಿಲ್ಲಬಹುದಾದ್ದರಿಂದ, ಆರಿಸಿದ್ದರಲ್ಲೂ ಯಾವುದು ಮೊದಲು ಎಂದು ನಿರ್ಧರಿಸಬೇಕಿತ್ತು.

ಮುಳುಗುವ ದೋಣಿಯಿಂದ ಯಾರನ್ನು ಮೊದಲು ಇಳಿಸಬೇಕೆಂಬ ಪ್ರಶ್ನೆಯನ್ನು ತತ್ವಶಾಸ್ತ್ರದವರು ಚರ್ಚಿಸುತ್ತಾರೆ. ಅಂಥ ದೋಣಿಯಲ್ಲಿ ಕೂರುವ ಪ್ರಸಂಗ ನಮ್ಮ ನಿಮ್ಮಂಥವರಿಗೆ ಬರುವುದು ಅಪರೂಪ. ಆದರೆ ಈ ಪುಟ್ಟ ದೋಣಿ ಈಗ ಮನೆ ಮನೆಯಲ್ಲಿದೆ. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಒಂದು ಹಾಳೆಯಲ್ಲಿ ಪಟ್ಟಿ ಬರೆಯತೊಡಗಿದೆವು. ನಾವು ಮೊದಲಿಗೆ ಬರೆದದ್ದು ತಂದೆಯ ಧ್ವನಿ. ಆಸ್ಪತ್ರೆಗೆ ಸೇರುವ ಮುನ್ನ ಅವರು ಹಳೆಯ ಊರಿನ ಕಥೆ ಹೇಳಿದ ನಲವತ್ತು ನಿಮಿಷಗಳ ಧ್ವನಿಮುದ್ರಣವದು, ಬೇರೆಲ್ಲೂ ಪ್ರತಿ ಇಲ್ಲ. ಮಗ ತನ್ನ ಕಾಲೇಜಿನ ಪ್ರಾಜೆಕ್ಟ್ ಎಂದ. ಉಮ್ಮ ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದವರು, “ಆಚೆ ಮನೆಯವರ ಕಾಗದ ಅದರಲ್ಲೇ ಇದೆಯಲ್ಲವಾ?” ಎಂದು ಕೇಳಿದರು.

ಇತ್ತು. ನಮಗೆ ಮರೆತೇ ಹೋಗಿತ್ತು. ನೆರೆಮನೆಯ ಹಿರಿಯರೊಬ್ಬರು ಆರು ವರ್ಷಗಳ ಹಿಂದೆ ತಮ್ಮ ಜಾಗದ ದಾಖಲೆಗಳನ್ನು ತಂದು, “ಮನೆ ಸೋರುತ್ತಿದೆ, ನಿಮ್ಮ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ” ಎಂದಿದ್ದರು. ಅಂದು ಸ್ಕ್ಯಾನ್ ಮಾಡಿ ಇಟ್ಟಿದ್ದೆವು. ಅವರು ಈಗಿಲ್ಲ. ಮೂಲ ಕಾಗದಗಳು ಆ ಮನೆಯಲ್ಲಿ ಯಾವ ಸ್ಥಿತಿಯಲ್ಲಿವೆಯೋ!

ತಂದೆಯ ಧ್ವನಿ ಹೋದರೆ ಅದು ಮರಳಿ ಸಿಗುವಂಥದ್ದಲ್ಲ, ಕಾಗದವಾದರೆ ಕಚೇರಿಯಲ್ಲಿ ನಕಲು ಪ್ರತಿ ಪಡೆಯಬಹುದು ಎಂದು ನಾವು ವಾದಿಸಿದೆವು. ಉಮ್ಮ ಒಪ್ಪಲಿಲ್ಲ. “ನಮ್ಮದು ಹೋದರೆ ನಾವು ಅತ್ತು ಸುಮ್ಮನಾಗಬಹುದು. ಅವರದು ಹೋದರೆ ಅವರ ಮಕ್ಕಳಿಗೆ ಏನು ಹೇಳುತ್ತೀ?” ಎಂದರು. ಆ ಧ್ವನಿ ಉಮ್ಮನಿಗೆ ಯಾರದು ಎಂಬುದನ್ನು ಓದುಗರು ನೆನಪಿಡಬೇಕು.

ಕಳೆದುಹೋದರೆ ಮತ್ತೆ ಸಿಗದ್ದನ್ನು ಮೊದಲು ಉಳಿಸು ಎಂಬ ನಮ್ಮ ಲೆಕ್ಕ ವಸ್ತುವಿನ ಬೆಲೆಯನ್ನು ನೋಡುತ್ತಿತ್ತು. ಉಮ್ಮನ ಲೆಕ್ಕ ವಸ್ತುವನ್ನು ನೋಡುತ್ತಲೇ ಇರಲಿಲ್ಲ, ಕೊಟ್ಟವರ ಮತ್ತು ಇಟ್ಟುಕೊಂಡವರ ನಡುವಿನ ಮಾತನ್ನು ನೋಡುತ್ತಿತ್ತು. ಇದಕ್ಕೆ ನಮ್ಮ ಮನೆಗಳಲ್ಲಿ ಅಮಾನತ್ತು ಎನ್ನುತ್ತಾರೆ. ನಂಬಿ ಒಪ್ಪಿಸಿದ್ದು, ಕೇಳಿದಾಗ ಹಿಂದಿರುಗಿಸಬೇಕಾದದ್ದು ಎಂದರ್ಥ. ಕನ್ನಡದ ಕಚೇರಿ ಭಾಷೆಗೆ ಹೋಗಿ ಅದೇ ಪದ ನೌಕರರನ್ನು ಅಮಾನತು ಮಾಡುವುದಕ್ಕೆ ಬಳಕೆಯಾಯಿತು. ಅದೂ ಒಂದರ್ಥದಲ್ಲಿ ಸರಿಯೇ. ಅಲ್ಲೂ ಮನುಷ್ಯನನ್ನು ತೀರ್ಮಾನವಾಗುವವರೆಗೆ ಬದಿಯಲ್ಲಿ ಇಡಲಾಗುತ್ತದೆ. ನಾವು ನೆರೆಯವರ ಕಾಗದವನ್ನು ಅಮಾನತ್ತಾಗಿ ಪಡೆದು, ಆರು ವರ್ಷ ಕಚೇರಿಯ ಅರ್ಥದಲ್ಲಿ ಅಮಾನತಿನಲ್ಲಿಟ್ಟಿದ್ದೆವು!

ಕಾಗದಗಳು ಗಾತ್ರದಲ್ಲಿ ಎಷ್ಟು? ಎಲ್ಲ ಸೇರಿ 60 ಮೆಗಾಬೈಟ್. ಕೆಲವು ಸೆಕೆಂಡುಗಳ ಕೆಲಸ. ತಂದೆಯ ಧ್ವನಿಯೂ ಅಷ್ಟೇ. ಎರಡೂ ಒಂದು ನಿಮಿಷದೊಳಗೆ ಪಾರಾದವು, ನಮ್ಮ ವಾದವಿವಾದಕ್ಕೆ ಹಿಡಿದ ಸಮಯ ಅದಕ್ಕಿಂತ ಬಹಳ ಹೆಚ್ಚು. ಹಾಗಾದರೆ ಆ ಚರ್ಚೆ ವ್ಯರ್ಥವೇ? ನಮಗೆ ಹಾಗೆನಿಸುವುದಿಲ್ಲ. ಕ್ರಮ ಕೇಳದೇ ಹೋಗಿದ್ದರೆ ಆ ಕಾಗದಗಳ ನೆನಪೇ ಯಾರಿಗೂ ಆಗುತ್ತಿರಲಿಲ್ಲ.

ನಿಜವಾದ ಕಷ್ಟ ಬಂದದ್ದು ಫೋಟೋಗಳಲ್ಲಿ. ಮೂವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು. ಹಿಂದೆ ಒಂದು ಕುಟುಂಬಕ್ಕೆ ಒಂದು ಆಲ್ಬಂ ಇರುತ್ತಿತ್ತು, ಅದರಲ್ಲಿ ನಲವತ್ತೋ ಐವತ್ತೋ ಚಿತ್ರ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು, ಅಷ್ಟರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು. ಇಂದಿನ ಫೋನಿನ ಒಂದೆರಡು ಚಿತ್ರಗಳಿಗೆ ಆ ಜಾಗ ಸಾಲದು. ಜಾಗ ಅಗ್ಗವಾದಂತೆ ಆರಿಸುವ ಅಭ್ಯಾಸವೇ ನಮ್ಮಿಂದ ಹೋಯಿತು. ಇಟ್ಟುಕೊಳ್ಳುವುದನ್ನು ನಾವು ಪ್ರೀತಿ ಎಂದು ತಿಳಿದಿದ್ದೇವೆ. ಅದರಲ್ಲಿ ಅರ್ಧ ಪ್ರೀತಿ, ಇನ್ನರ್ಧ ಸೋಮಾರಿತನ.

ಅವುಗಳ ನಡುವೆ ಸಂಬಂಧಿಕರ ಮಗಳೊಬ್ಬಳ ಮದುವೆಯ ಚಿತ್ರಗಳಿದ್ದವು. ಆ ಮದುವೆ ಎರಡೇ ವರ್ಷಕ್ಕೆ ಮುರಿದಿತ್ತು. ಇವನ್ನು ಪಟ್ಟಿಯ ಕೊನೆಗೆ ಹಾಕಿಬಿಡೋಣ, ಡಿಸ್ಕ್ ಅಲ್ಲಿಗೆ ತಲುಪಿದರೆ ತಲುಪಲಿ, ಇಲ್ಲವಾದರೆ ಇಲ್ಲ ಎಂದು ನಾವು ಯೋಚಿಸಿದೆವು. ಬಹಳ ಸೌಮ್ಯವಾದ ಉಪಾಯ ಎನಿಸಿತ್ತು. ಆಮೇಲೆ ನಮಗೇ ನಾಚಿಕೆಯಾಯಿತು. ಅಳಿಸಲು ನಮಗೆ ಧೈರ್ಯವಿಲ್ಲದ್ದನ್ನು ಕೆಟ್ಟ ಡಿಸ್ಕಿನ ಕೈಯಲ್ಲಿ ಅಳಿಸಿ, ‘ಹಾರ್ಡ್ ಡಿಸ್ಕ್ ಹೋಯಿತು’ ಎಂದು ಹೇಳುವ ಹುನ್ನಾರವಲ್ಲವೇ ಅದು? ಆಯ್ಕೆ ಮಾಡದಿರುವುದು ಕೂಡ ಕೆಲವೊಮ್ಮೆ ಆಯ್ಕೆಯೇ, ಅದರ ಮೇಲೆ ಸಹಿ ಮಾತ್ರ ಇರುವುದಿಲ್ಲ.

ಮರುದಿನ ಅವಳಿಗೇ ಫೋನ್ ಮಾಡಿ ಕೇಳಿದೆವು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಇನ್ನೂ ಇಟ್ಟುಕೊಂಡಿದ್ದೀರಾ?” ಎಂದಳು. ಅದು ಸಂತೋಷವೋ ಸಿಟ್ಟೋ ನಮಗೆ ತಿಳಿಯಲಿಲ್ಲ. ಆಮೇಲೆ, ತನ್ನ ತಂದೆ ಇರುವ ಚಿತ್ರಗಳನ್ನು ಕಳಿಸಿ, ಉಳಿದದ್ದೆಲ್ಲ ಅಳಿಸಿಬಿಡಿ ಎಂದಳು. ಹನ್ನೊಂದು ಚಿತ್ರಗಳನ್ನು ಕಳಿಸಿದೆವು. ಇಷ್ಟು ವರ್ಷ ಅವಳ ಬದುಕಿನ ಒಂದು ದಿನವನ್ನು ಅವಳನ್ನು ಕೇಳದೆಯೇ ನಮ್ಮ ಮೆಟ್ಟಿಲ ಕೆಳಗೆ ಇಟ್ಟುಕೊಂಡಿದ್ದೆವು. ಕೇಡು ಬಯಸಿ ಅಲ್ಲ, ಆದರೂ ಹಕ್ಕಿಲ್ಲದೆ.

ಕಾಪಾಡುವ ಚಿಂತೆ ಹೊಸದೇನಲ್ಲ. ಅರಬಿ ಹಸ್ತಪ್ರತಿಗಳ ಮೇಲೆ ಕೆಲವೊಮ್ಮೆ ‘ಯಾ ಕಬೀಕಜ್’ ಎಂದು ಬರೆದಿರುತ್ತದೆ. ಹುಳಹುಪ್ಪಟೆಗಳಿಂದ ಪುಸ್ತಕವನ್ನು ಕಾಯಲೆಂದು ಲಿಪಿಕಾರರು ಇಡುತ್ತಿದ್ದ ಮೊರೆ ಅದು. ಮೊರೆಯಿಟ್ಟವರು ಪ್ರತಿ ಮಾಡುವುದನ್ನೂ ಬಿಡಲಿಲ್ಲ ಎಂಬುದು ಮುಖ್ಯ. ನಮ್ಮದೇ ಜಿಲ್ಲೆಯ ಮೂಡುಬಿದಿರೆಯಲ್ಲಿ ಜೈನರ ಧವಲಾ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದವು. ಪ್ರತಿ ಮಾಡಲು ತೊಡಗಿದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ, ಮುದ್ರಣ ಆರಂಭವಾದದ್ದು 1939ರಲ್ಲಿ. ತಾಳೆಗರಿಯೇ ಆಗಲಿ, ಡಿಸ್ಕೇ ಆಗಲಿ, ಯಾವುದೂ ತಾನಾಗಿ ಉಳಿಯುವುದಿಲ್ಲ. ಪ್ರತಿ ತಲೆಮಾರಿನಲ್ಲೂ ಯಾರೋ ಕುಳಿತು ಇನ್ನೊಮ್ಮೆ ನಕಲು ಮಾಡಬೇಕು. ತಾಳೆಗರಿಗೆ ತಲೆಮಾರುಗಳ ಅವಧಿ ಇತ್ತು. ನಮ್ಮ ಡಿಸ್ಕಿಗೆ ಹತ್ತು ವರ್ಷವೇ ದೊಡ್ಡದು.

ಇಷ್ಟೆಲ್ಲ ತಾಪತ್ರಯ ಯಾಕೆ, ಕ್ಲೌಡಿನಲ್ಲಿ ಹಾಕಿಬಿಡಿ ಎನ್ನುವವರಿದ್ದಾರೆ. ಹಾಕಬಹುದು, ನಾವೂ ಮುಖ್ಯವಾದದ್ದರ ಒಂದು ಪ್ರತಿಯನ್ನು ಈಗ ಹಾಗೆ ಇಟ್ಟಿದ್ದೇವೆ. ಆದರೆ ಅದು ಬಾಡಿಗೆ ಮನೆ. ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಜಾಗ ಕೊಡುವುದನ್ನು 2021ರ ಜೂನ್ 1ರಿಂದ ನಿಲ್ಲಿಸಿದಾಗ ಅನೇಕರಿಗೆ ಅದು ಅರಿವಾಯಿತು. ಕನ್ನಡಿ ಸಾಲದು ಎಂಬುದೂ ನಿಜ. ನಾವು ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಕನ್ನಡಿ ಅದನ್ನು ಎರಡೂ ಕಡೆ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ತಪ್ಪಿನಿಂದ ಕಾಯುವುದಕ್ಕೆ ದೂರದಲ್ಲಿ, ಬೇರೆ ಗಡಿಯಾರದಲ್ಲಿ ನಡೆಯುವ ಇನ್ನೊಂದು ಪ್ರತಿ ಬೇಕು.

ಭಾನುವಾರ ಹೊಸ ಡಿಸ್ಕ್ ಬಂತು. ಹಳೆಯದಕ್ಕಿಂತ ಒಂದಿಷ್ಟು ಚಿಕ್ಕದಾದರೂ ಕನ್ನಡಿ ಒಪ್ಪುವುದಿಲ್ಲವಾದ್ದರಿಂದ 4 ಟೆರಾಬೈಟಿನದ್ದನ್ನೇ ತರಿಸಿದ್ದೆವು. ಪೆಟ್ಟಿಗೆ ಆರಿಸಿ, ಎರಡು ಡಿಸ್ಕಿನ ಮೇಲಿನ ಕ್ರಮಸಂಖ್ಯೆಯನ್ನು ಎರಡೆರಡು ಬಾರಿ ಓದಿ, ಕೆಟ್ಟದ್ದನ್ನೇ ತೆಗೆಯುತ್ತಿದ್ದೇವೆಂದು ಖಾತ್ರಿ ಮಾಡಿಕೊಂಡೆವು. ಗಡಿಬಿಡಿಯಲ್ಲಿ ಒಳ್ಳೆಯದನ್ನು ಕಿತ್ತು ಎಲ್ಲವನ್ನೂ ಕಳೆದುಕೊಂಡವರ ಕಥೆಗಳು ಬೇಕಾದಷ್ಟಿವೆ. ರಾತ್ರಿ ಹತ್ತಕ್ಕೆ ನಕಲು ಆರಂಭವಾಗಿ ಬೆಳಗಿನ ನಮಾಝಿನ ಹೊತ್ತಿಗೆ ಮುಗಿಯಿತು. ಎರಡು ವಿಡಿಯೋಗಳು ಮಾತ್ರ ಓದಲಾಗದೆ ಹೋದವು. ಯಾವುದರವು ಎಂದು ಹೆಸರು ನೋಡಿದರೂ ನಮಗೆ ನೆನಪಾಗಲಿಲ್ಲ.

ತೆಗೆದ ಡಿಸ್ಕ್ ಈಗ ಮೇಜಿನ ಮೇಲಿದೆ. ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ. ಆದರೆ ಕೆಟ್ಟ ಡಿಸ್ಕ್ ಎಂದರೆ ಖಾಲಿ ಡಿಸ್ಕ್ ಅಲ್ಲ. ನೆರೆಯವರ ಕಾಗದ, ಆ ಮದುವೆ, ಎಲ್ಲವೂ ಅದರ ತಟ್ಟೆಗಳ ಮೇಲೆ ಇನ್ನೂ ಇದೆ. ಮೇಲಿಂದ ಬೇರೆ ಏನಾದರೂ ಬರೆದು ಅಳಿಸೋಣವೆಂದರೆ, ಡಿಸ್ಕ್ ಕೈಬಿಟ್ಟ ಆ ಇನ್ನೂರು ಚೂರುಗಳನ್ನು ನಾವು ತಲುಪುವಂತಿಲ್ಲ. ‘ಅಳಿಸಿದ್ದೇವೆ’ ಎಂದು ಆ ಹುಡುಗಿಗೆ ಹೇಳಿದ ಮಾತು ನಿಜವಾಗಬೇಕಾದರೆ ಇದನ್ನು ಬಿಚ್ಚಿ ತಟ್ಟೆಗಳನ್ನು ಹಾಳುಮಾಡಬೇಕು, ಉಳಿದದ್ದನ್ನು ಇ-ತ್ಯಾಜ್ಯ ಪಡೆಯುವ ನೋಂದಾಯಿತ ಘಟಕಕ್ಕೆ ಕೊಡಬೇಕು. ಬಿಚ್ಚಲು ನಕ್ಷತ್ರದಾಕಾರದ ಮೊನೆಯ ಸ್ಕ್ರೂಡ್ರೈವರ್ ಬೇಕಂತೆ. ಮಗ ತರುತ್ತೇನೆಂದಿದ್ದಾನೆ.

ನೆರೆಯವರ ಕಾಗದಗಳನ್ನು ಪೆನ್‌ಡ್ರೈವಿಗೆ ಹಾಕಿ, ಒಂದು ಪ್ರತಿ ಮುದ್ರಿಸಿಕೊಂಡು ಅವರ ಮಗನ ಕೈಗೆ ಕೊಟ್ಟುಬಂದೆವು. ಇವು ನಿಮ್ಮಲ್ಲಿದ್ದದ್ದೇ ತನಗೆ ಗೊತ್ತಿರಲಿಲ್ಲ ಎಂದ. ಕೆಟ್ಟ ಡಿಸ್ಕಿನ ಅವಳಿ ಪೆಟ್ಟಿಗೆಯಲ್ಲಿ ಇನ್ನೂ ತಿರುಗುತ್ತಿದೆ. ಅದರ ಲೆಕ್ಕ ನಿನ್ನೆ ಹದಿನಾರಕ್ಕೆ ಏರಿದೆ. ಈ ಬಾರಿ ಸಂದೇಶ ಬಂದ ದಿನವೇ ಅಂಗಡಿಗೆ ಹೇಳಿದ್ದೇವೆ.