ಹಿಡಿಸದ ಹಾಡು

ನಾನು ಓದಿದ್ದು ಏಳನೇ ಕ್ಲಾಸು. ಕಂಪ್ಯೂಟರಿನ ಮಾತು ಇವನಿಗ್ಯಾಕೆ ಅಂತ ಮಾಸ್ತರುಗಳು ಕೇಳಬಹುದು. ಕೇಳಲಿ. ನಾನು ಬರೆಯೋದು ನಾನೇ ಮಾಡಿದ ಒಂದು ತಪ್ಪಿನ ಸಂಗತಿ. ತಪ್ಪು ಮಾಡಾಕ ಓದು ಬೇಕಾಗಂಗಿಲ್ಲ.

ಶ್ರಾವಣದಾಗ ನಮ್ಮ ಉರುಕುಂದ ಹ್ಯಾಂಗಿರ್ತೈತಿ ಅಂತ ನಿಮಗೆ ಹೇಳಬೇಕಾಗಿಲ್ಲ. ಈರಣ್ಣ ಸ್ವಾಮಿ ದರ್ಶನಕ್ಕೆ ಈ ಕಡೆಯವರು, ಕರ್ನಾಟಕದವರು ಎಲ್ಲಾ ಕೂಡ್ತಾರೆ. ಹೋದ ವರ್ಷದ ಹಿಂದಿನ ಶ್ರಾವಣದಾಗ ಒಂದು ರಾತ್ರಿ ನಮ್ಮ ಮೇಳ ಭಜನೆಗೆ ಕೂತಿತ್ತು. ನನ್ನ ಮೊಮ್ಮಗ ಫೋನನ್ನು ಕೋಲಿಗೆ ಕಟ್ಟಿ, ಚಾರ್ಜಿಗೆ ಹಚ್ಚಿ, ಮೂರು ತಾಸು ವಿಡಿಯೋ ಹಿಡಿದ. ಚಿತ್ರ ಚೆಂದ ಬರಲಿ ಅಂತ 4ಕೆ ಇಟ್ಟಿದ್ದನಂತೆ. ಅರವತ್ತು ಜಿಬಿ ದಾಟಿತು.

ಅಲ್ಲಿಂದ ಅವನ ಪಾಡು ಶುರುವಾಯ್ತು. ಮೊದಲು ಪೆನ್‌ಡ್ರೈವಿಗೆ ಹಾಕಾಕ ಹೋದ. ಒಳಗ ಜಾಗ ಖಾಲಿ ಐತಿ, ಆದರೂ ಒಲ್ಲೆ ಅಂತು. ಫ್ಯಾಟ್32 ಅನ್ನೋ ಹಳೇ ಪದ್ಧತಿಯೊಳಗ ಒಂದು ಫೈಲು 4 ಜಿಬಿಗಿಂತ ದೊಡ್ಡದಿದ್ದರೆ ಹಿಡಿಸಂಗಿಲ್ಲವಂತೆ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು, ನಮ್ಮ ಕಾಳಿನ ಗಡಿಗೆ ಹಂಗ. ವೈರು ಹಚ್ಚಿ ಹಳೇ ಲ್ಯಾಪ್‌ಟಾಪಿಗೆ ಇಳಿಸಿದ. ಅದರಾಗಿದ್ದ ಎಡಿಟಿಂಗ್ ಸಾಫ್ಟ್‌ವೇರು ಕಡಿಮೆ ರೊಕ್ಕದ್ದು. ಅರ್ಧ ನುಂಗಿ ಗಪ್ಪನೆ ಮುಚ್ಚಿಕೊಂಡು ಬಿಡ್ತಿತ್ತು. ಒಮ್ಮೆ ತೆಗೆದುಕೊಂಡರೂ ಚಿತ್ರ ಕಪ್ಪು, ದನಿ ಅಷ್ಟೇ. ಫೋನು ಎಚ್.265 ಅನ್ನೋ ಕಟ್ಟಿನಾಗ ಚಿತ್ರ ಕಟ್ಟಿತ್ತು, ಆ ಗಂಟು ಬಿಚ್ಚಾಕ ಇದಕ್ಕ ಬರ್ತಿದ್ದಿಲ್ಲ.

ಮೂರನೇ ಸಲ ಚಿತ್ರ ಬಂತು. ಆದರೆ ಅರ್ಧ ತಾಸು ನೋಡಿದ ಮೇಲೆ ನನಗೆ ಕೂತಲ್ಲೇ ಸಂಕಟ. ನನ್ನ ಕೈಯಾಗಿನ ತಾಳ ಕೂಡ್ತೈತಿ, ದನಿ ಆಮೇಲೆ ಬರ್ತೈತಿ. ಐವತ್ತು ವರ್ಷ ತಾಳ ಹಾಕಿದವನು ನಾನು, ತಪ್ಪಿದೆನೇನೋ ಅಂತ ಅಂಜಿದೆ. ನಾನಲ್ಲ. ಬೆಳಕು ಕಡಿಮೆಯಾದಂಗೆ ಫೋನು ಸೆಕೆಂಡಿಗೆ ತೆಗೆಯೋ ಚಿತ್ರಗಳ ಎಣಿಕೆ ಬದಲಿಸುತ್ತದೆ, ಸಾಫ್ಟ್‌ವೇರು ಎಣಿಕೆ ಒಂದೇ ಅಂತ ತಿಳಿದು ಜೋಡಿಸುತ್ತದೆ. ಒಲ್ಲೆ ಅಂದ ಪೆನ್‌ಡ್ರೈವೇ ವಾಸಿ. ಆಯ್ತು ಅಂತ ಹೇಳಿ ತಾಳ ತಪ್ಪಿಸೋರು ಮನುಷ್ಯರಲ್ಲೂ ಇದ್ದಾರೆ, ಇರಲಿ.

ಕಡೆಗೆ ಹುಡುಗ ಬೇರೊಂದು ಸಾಫ್ಟ್‌ವೇರಿನಲ್ಲಿ ರಾತ್ರಿಯಿಡೀ ಓಡಿಸಿ ಎಣಿಕೆ ಸರಿ ಮಾಡಿ, ಚಿತ್ರವನ್ನು 4ಕೆಯಿಂದ 720ಕ್ಕೆ ಇಳಿಸಿದ. ಒಂಬತ್ತರಲ್ಲಿ ಒಂದು ಪಾಲು ಚುಕ್ಕೆ ಉಳಿದವು. ಆಮೇಲೆ ಹಾಡಲ್ಲದ್ದನ್ನೆಲ್ಲಾ ಕತ್ತರಿಸಿದ: ಕೆಮ್ಮು, ಚಹಾ, ಪೇಟಿ ಸರಿಮಾಡಿದ್ದು, ಪದ ಮರೆತು ಒಬ್ಬರಿಗೊಬ್ಬರು ಎತ್ತಿಕೊಟ್ಟದ್ದು. ನಲವತ್ತು ನಿಮಿಷ ಆಯ್ತು. ಲ್ಯಾಪ್‌ಟಾಪು ತುಂಬಿತ್ತು, ಫೋನೂ ತುಂಬಿತ್ತು.

“ತಾತ, ಅಸಲು ತೆಗೀಲೇನು?” ಅಂದ.

ನಾನು ಆದೋನಿ ಮಾರ್ಕೆಟ್ಟಿಗೆ ಹತ್ತಿ ಹಾಕಾಕ ಹೊಂಟಿದ್ದೆ. “ತೆಗೀಯಪ್ಪಾ” ಅಂದೆ.

ಸಂಕ್ರಾಂತಿ ಆದಮೇಲೆ ನಮ್ಮ ಮೇಳದ ಹಿರಿಯಣ್ಣ ತೀರಿಕೊಂಡರು. ದಮ್ಮಡಿ ಬಾರಿಸೋರು. ದಿನ ಕಳೆದ ಮೇಲೆ ಅತ್ತಿಗೆ ಮನೆಗೆ ಬಂದಳು. ವಿಡಿಯೋ ಹಚ್ಚಿ ತೋರಿಸಿದ್ವಿ. ಪೂರ್ತಿ ನೋಡಿದಳು. ಆಮೇಲೆ ಕೇಳಿದಳು: “ತಮ್ಮಾ, ಅವತ್ತು ಪದ ಮರೆತು ನಕ್ಕಿದ್ರಲ್ಲ, ದಮ್ಮಡಿ ಬೆಂಕಿಗೆ ಕಾಸ್ತಾ ನನಗ ನೀರು ಕೇಳಿದ್ರಲ್ಲ, ಅದು ಎಲ್ಲೈತಿ?”

ಹುಡುಗ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಅಂದಿನಿಂದ ಇದೇ ಯೋಚನೆ. ಪಾತ್ರೆಗೆ ಹಿಡಿಸದಿದ್ದರೆ ಪದಾರ್ಥ ಕಡಿಮೆ ಮಾಡೋದು ತಪ್ಪೇನು? ಮೊದಲಿಂದ ಮಾಡಿದ್ದೇ ಅದು. 1902ರಲ್ಲಿ ಕಲ್ಕತ್ತಾದಾಗ ಗೌಹರ್ ಜಾನ್ ಗ್ರಾಮೋಫೋನಿಗೆ ಹಾಡಿದಾಗ ಗಂಟೆಗಟ್ಟಲೆ ಹಾಡೋ ರಾಗವನ್ನು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕಾಯ್ತು. ಕಡೆಗೆ ತನ್ನ ಹೆಸರನ್ನೂ ಹೇಳುತ್ತಿದ್ದಳಂತೆ. ಹಿಡಿಸಿದ್ದಕ್ಕೇ ಇವತ್ತು ಆಕೆಯ ದನಿ ಉಳಿದೈತಿ. ಆದರೆ ಆಕೆ ಏನು ಬಿಡಬೇಕು ಅಂತ ತಾನೇ ಆರಿಸಿದಳು. ನಮ್ಮ ಅಣ್ಣನನ್ನು ನಾನು ಕೇಳಲಿಲ್ಲ. ಕೇಳದೆ ಕತ್ತರಿಸಿದರೆ ಹ್ಯಾಂಗಿರ್ತದೆ ಅಂತ ಈ ಸೀಮೆಯವರಿಗೆ ಗೊತ್ತಿರಬೇಕಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು, ಉಳಿದದ್ದು ಮೈಸೂರಿಗೆ ಹೋಯ್ತು. ಕಾಗದದ ಮೇಲೆ ಗೆರೆ ಎಳೆದವರಿಗೂ ಇದು ಹಾಡು, ಇದು ಹಾಡಲ್ಲ ಅಂತ ಸಲೀಸಾಗಿ ಕಂಡಿರಬೇಕು.

ಹತ್ತಿ ಬೆಳೆಯೋನಿಗಂತೂ ಬುದ್ಧಿ ಇರಬೇಕಿತ್ತು. ಜಿನ್ನಿಂಗಿನಾಗ ಅರಳೆ ಬೇರೆ, ಬೀಜ ಬೇರೆ ಮಾಡ್ತಾರೆ. ಬೀಜ ಚೆಲ್ಲಂಗಿಲ್ಲ, ಎಣ್ಣೆ ತೆಗೀತಾರೆ, ಹಿಂಡಿ ದನಕ್ಕ ಹಾಕ್ತಾರೆ.

ಆದೋನಿಯ ಮಾಸ್ತರೊಬ್ಬರು ಆಮೇಲೆ ಹೇಳಿದರು. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿದ್ದರೆ ದೊಡ್ಡ ಫೈಲೂ ಹಿಡಿಸ್ತಿತ್ತಂತೆ. ಅಸಲನ್ನು ಬೇರೆ ಡಿಸ್ಕಿನಾಗ ಮುಟ್ಟದಂಗೆ ಇಟ್ಟು, ಸಣ್ಣ ನಕಲು ಮಾಡಿಕೊಂಡು ಅದರ ಮೇಲೆ ಕತ್ತರಿ ಆಡಿಸಬೇಕು. ಕೆಲಸ ಮುಗಿದ ಮೇಲೆ ಅದೇ ಲೆಕ್ಕವನ್ನು ಅಸಲಿಗೆ ಹಚ್ಚಬಹುದು. ಪ್ರಾಕ್ಸಿ ಅಂತಾರಂತೆ. ಸರ್ವೆಯವರು ನಕಾಶೆಯ ನಕಲಿನ ಮೇಲೆ ಗೆರೆ ಹಾಕಿದಂಗೆ. ಇಷ್ಟು ಸುಲಭ ಇತ್ತಾ ಅಂತ ಆವತ್ತು ಊಟ ಸೇರಲಿಲ್ಲ.

ಆದರೂ ಒಂದು ಮಾತು ನನಗೆ ಬಗೆಹರಿದಿಲ್ಲ. ಮೂರು ತಾಸೂ ಇದ್ದಿದ್ದರೆ ಅತ್ತಿಗೆ ಬಿಟ್ಟು ಯಾರು ನೋಡ್ತಿದ್ದರು? ನಮ್ಮಪ್ಪನದು ಒಂದು ಫೋಟೋನೂ ಇಲ್ಲ, ಅವನು ಎತ್ತು ಕರೆಯೋ ದನಿ ನನಗೆ ಇನ್ನೂ ಕೇಳಿಸ್ತೈತಿ. ಎಲ್ಲಾ ಇಟ್ಟುಕೊಂಡರೆ ನೆನಪಿಗೆ ಏನು ಕೆಲಸ ಅಂತಲೂ ಅನಿಸ್ತೈತಿ. ಮರುಕ್ಷಣ, ಇದು ನನ್ನ ತಪ್ಪಿಗೆ ನಾನೇ ಹಾಸಿಕೊಂಡ ಕಂಬಳಿ ಅಂತಲೂ ಅನಿಸ್ತೈತಿ.

ಉಳಿದ ನಲವತ್ತು ನಿಮಿಷದಾಗ ನಾಲ್ಕನೇ ಹಾಡಿನ ತುದಿಗೆ ಹುಡುಗನ ಕತ್ತರಿ ಒಂದು ಚೂರು ತಡವಾಗಿ ಬಿದ್ದೈತಿ. ಹಾಡು ಮುಗಿದ ಮೇಲೆ ಅಣ್ಣನ ಕೈ ದಮ್ಮಡಿ ಬಿಟ್ಟು ನೀರಿನ ಚೊಂಬಿನ ಕಡೆ ಚಾಚುತ್ತದೆ, ಅಷ್ಟರಲ್ಲಿ ಚಿತ್ರ ಮುಗೀತೈತಿ. ಅತ್ತಿಗೆ ಬಂದಾಗೆಲ್ಲಾ ಅದನ್ನೇ ಹಚ್ಚಿಸಿಕೊಂಡು ನೋಡ್ತಾಳೆ. ಮೊನ್ನೆ ಮೊಮ್ಮಗ, “ತಾತ, ಆ ತುದಿ ಸರಿಯಾಗಿಲ್ಲ, ಕತ್ತರಿಸಲೇನು?” ಅಂತ ಕೇಳಿದ. ಲ್ಯಾಪ್‌ಟಾಪ್ ಮುಚ್ಚು ಅಂದೆ.