ವೃದ್ಧಿಯೂ ಮೇರೆಯೂ

ಗಾಯ ಮಾಯುವುದು ದೇಹದ ಸ್ವಧರ್ಮ. ವೈದ್ಯನು ಅದಕ್ಕೆ ಸಹಾಯಕನು ಮಾತ್ರ ಎಂಬುದು ಹಿರಿಯರ ನಂಬುಗೆ. ಆ ಸಹಾಯಕನೇ ಪ್ರೇರಕನಾದಾಗ ಅವನ ಹೊಣೆಯೆಷ್ಟು?

1965ರಲ್ಲಿ ಅಮೆರಿಕದ ಶಸ್ತ್ರವೈದ್ಯ ಮಾರ್ಷಲ್ ಯೂರಿಸ್ಟರು, ಸುಣ್ಣದಂಶವನ್ನು ತೆಗೆದ ಎಲುಬಿನ ತುಣುಕನ್ನು ಪ್ರಾಣಿಗಳ ಸ್ನಾಯುವಿನಲ್ಲಿಟ್ಟರೆ ಅಲ್ಲಿಯೂ ಹೊಸ ಎಲುಬು ಹುಟ್ಟುವುದೆಂದು ತೋರಿಸಿದರು. ಎಲುಬಿನಲ್ಲಡಗಿದ್ದ ವೃದ್ಧಿಪ್ರೇರಕ ಪ್ರೋಟೀನೇ ಇದಕ್ಕೆ ಕಾರಣ. ಮುಂದೆ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸುವುದೂ ಸಾಧ್ಯವಾಯಿತು. ಈ ದ್ರವ್ಯವನ್ನು ಬರಿದೆ ಸುರಿದರೆ ಬೇಗನೆ ಚೆದರಿಹೋಗುತ್ತದೆ. ಆದುದರಿಂದ ಕೊಲಾಜನ್ನಿನ ಮೆತ್ತೆಯಲ್ಲಿ ನೆನೆಯಿಸಿ ಇಡುತ್ತಾರೆ. ಮೆತ್ತೆಯು ಅದನ್ನು ನೆಲೆಯಲ್ಲಿ ಹಿಡಿದಿದ್ದು ಮೆಲ್ಲಮೆಲ್ಲನೆ ಬಿಟ್ಟುಕೊಟ್ಟು, ಕಡೆಗೆ ತಾನೇ ಕರಗಿಹೋಗುತ್ತದೆ.

2002ರಲ್ಲಿ ಅಮೆರಿಕದ ಔಷಧನಿಯಂತ್ರಣಾಧಿಕಾರಿಗಳು ಸೊಂಟದೆಡೆಯ ಬೆನ್ನೆಲುಬಿನ ಜೋಡಣೆಗೆ ಇದನ್ನು ಅಂಗೀಕರಿಸಿದರು. ಕೆಲವು ವೈದ್ಯರು ಕೊರಳೆಡೆಯ ಬೆನ್ನೆಲುಬಿಗೂ ಬಳಸಿದರು. ಅಲ್ಲಿ ಕೆಲವು ರೋಗಿಗಳಿಗೆ ಗಂಟಲು ಬಾತು, ನುಂಗುವುದಕ್ಕೂ ಉಸಿರಾಡುವುದಕ್ಕೂ ಸಂಕಟವಾಯಿತು. 2008ರಲ್ಲಿ ಆ ಅಧಿಕಾರಿಗಳೇ ಎಚ್ಚರಿಕೆಯನ್ನು ಹೊರಡಿಸಬೇಕಾಯಿತು. ದ್ರವ್ಯ ಅದೇ, ಎಡೆ ಬೇರೆ.

ಇದರಿಂದ ಒಂದು ಮಾತು ಸ್ಪಷ್ಟ: ವೃದ್ಧಿಯು ತನ್ನಷ್ಟಕ್ಕೆ ತಾನೇ ಶ್ರೇಯಸ್ಸಲ್ಲ, ತಕ್ಕ ಎಡೆಯಲ್ಲಿ, ತಕ್ಕ ಪ್ರಮಾಣದಲ್ಲಿ ಆದದ್ದೇ ಶ್ರೇಯಸ್ಸು. ಹಾಗೆಂದು ಅಂಗೀಕೃತವಾದ ಮೇರೆಯನ್ನು ದಾಟುವುದೆಲ್ಲ ಪಾಪವೆನ್ನಲಾಗದು. ಹಾಗೆಂದರೆ ಬೇರೆ ದಾರಿಯಿಲ್ಲದ ಎಷ್ಟೋ ರೋಗಿಗಳಿಗೆ ಬಾಗಿಲು ಮುಚ್ಚಿದಂತಾದೀತು. ಆದರೆ ಉತ್ಸಾಹ ವೈದ್ಯನದು, ಅಪಾಯ ರೋಗಿಯದು ಎಂಬುದನ್ನು ಮರೆಯಬಾರದಷ್ಟೆ. ಗೊತ್ತಿರುವುದನ್ನೂ ಗೊತ್ತಿಲ್ಲದುದನ್ನೂ ರೋಗಿಗೆ ತಿಳಿಯಹೇಳಿ, ಅವನ ಒಪ್ಪಿಗೆಯನ್ನು ಪಡೆಯದೆ ಮೇರೆ ಮೀರುವುದು ಧರ್ಮವೆನಿಸದು. ಮೆತ್ತೆಗಿರುವ ಆ ಸಂಯಮವು ವೈದ್ಯನ ಮನಸ್ಸಿಗೂ ಬೇಕು.